ಎಷ್ಟು ಸುತ್ತು

ಮಡಗಾಂವಿನ ಅಂಗಡಿಯಲ್ಲಿ ಗಿಟಾರುಗಳು ಸಾಲಾಗಿ
ಕತ್ತಿನಿಂದ ನೇತಾಡುತ್ತಿದ್ದವು.
ಮಗನಿಗಾ ಆಂಟಿ, ಅಂದ ಹುಡುಗ.
ನನಗೆ, ಅಂದೆ.
ಅವನ ಕಣ್ಣು ನನ್ನ ಉಗುರಿನ ವಾರ್ನಿಶ್ ಕಪ್ಪಿಗೆ ಹೋಗಿ
ಬೆಲೆಚೀಟಿಗೆ ವಾಪಸು ಬಂತು.

ಕೆಂಪು ತೋರಿಸಿದ. ಸಂಜೆಬಣ್ಣದ್ದು ತೋರಿಸಿದ.
ಕೊಂಬಿದ್ದದ್ದು, ಕೊಂಬಿಲ್ಲದ್ದು.
ತಂತಿಯಡಿಯ ಕರಿ ಡಬ್ಬಿಯ ಮೇಲೆ ಬೆರಳಿಟ್ಟು ಕೇಳಿದೆ:
ಇದರೊಳಗೆ ತಾಮ್ರ ಎಷ್ಟು ಸುತ್ತು?
ಅದನ್ನು ಯಾರೂ ಅವನಿಗೆ ಕೇಳಿರಲಿಲ್ಲ.
ಬೆಲ್ಟು ಫ್ರೀ, ಅಂದ.

ವಾಸ್ಕೋದಲ್ಲಿ ರೈಲುಹಳಿಯಾಚೆ ನನ್ನ ಅಂಗಡಿ.
ಸುಟ್ಟ ಪಂಪು, ಸುಟ್ಟ ಫ್ಯಾನು,
ಮದುವೆಯ ಹಿಂದಿನ ದಿನವೇ ಸುಟ್ಟ ಮಿಕ್ಸಿ.
ಗದಗಿನಿಂದ ಅಪ್ಪ ತಂದ ಸುತ್ತುವ ಯಂತ್ರ,
ಹಲ್ಲು ಸವೆದು ನೂರಕ್ಕೊಮ್ಮೆ ಕಟ್ ಅನ್ನುತ್ತದೆ.
ಇಪ್ಪತ್ತೆರಡು ವರ್ಷ ಆ ಕಟ್ ಎಣಿಸಿದ್ದೇನೆ.
ಲೆಕ್ಕ ತಪ್ಪಿದರೆ ಮೋಟಾರು ಬಿಸಿಯಾಗುತ್ತದೆ,
ಗಿರಾಕಿ ಇನ್ನೂ ಬಿಸಿ.

ಹೋದ ಮಳೆಗಾಲ ಬ್ಯಾಂಡಿನವನೊಬ್ಬ
ಹೆಬ್ಬೆರಳುದ್ದದ ಸುರುಳಿ ತಂದು ಮೇಜಿಗಿಟ್ಟ.
ಕೂದಲಿಗಿಂತ ಸಣ್ಣ ತಂತಿ, ಏಳು ಸಾವಿರದ ಆರುನೂರು.
ಮೂರು ರಾತ್ರಿ, ಉಸಿರು ಬಿಗಿಹಿಡಿದು.
ಜೋಡಿಸಿ ಒಂದೇ ಒಂದು ಮೀಟು ಮೀಟಿದ.
ನಾನು ಸುತ್ತಿದ್ದು ಮೊದಲ ಸಲ
ತಿರುಗಲಿಲ್ಲ.
ಹಾಡಿತು ಅಂದರೆ ಸುಳ್ಳಾದೀತು.
ಕೂಗಿತು.

ಅಲ್ಲಿಂದ ಶುರುವಾಯಿತು ಈ ಹುಚ್ಚು.

ಕುಡ್ತರಿಯಲ್ಲಿ ಇನಾಸ್ ಬಾಬನ ಜಗಲಿ.
ಮೂವತ್ತು ವರ್ಷ ಮದುವೆಗಳಲ್ಲಿ ಬಾರಿಸಿದ ಗಿಟಾರು,
ಬೆನ್ನಿಗೆ ಅವನ ಬೆಲ್ಟಿನ ಬಕಲ್ಲು ಗೀರಿ ಗೀರಿ
ಬಣ್ಣ ಹೋಗಿ ಮರ ಕಾಣುತ್ತಿತ್ತು.
ಒಂಬತ್ತು ಸಾವಿರದ ಮಾಲು, ಅಂದ,
ಆದರೆ ಗುಂಯ್‌ಗುಡುತ್ತದೆ. ಮೂವರಿಗೆ ತೋರಿಸಿದೆ.
ದೆವ್ವ ಹೊಕ್ಕಿದೆ ಅಂತಾಳೆ ಹೆಂಡತಿ.
ನಾಲ್ಕು ಕೊಡು.

ಪ್ಲಗ್ ಹಾಕಿದ. ಜಗಲಿ ತುಂಬ ಜೇನ್ನೊಣ.
ತಂತಿ ಮುಟ್ಟಿದೆ, ನಿಲ್ಲಲಿಲ್ಲ.
ವೈರು ಚುಚ್ಚುವ ತೂತಿನ ತಗಡು ಮುಟ್ಟಿದೆ,
ಗಪ್ಪಾಯಿತು.
ಅಷ್ಟೇ. ಒಳಗೆ ಅರ್ಥು ಕಿತ್ತಿದೆ.
ಎರಡಿಂಚು ವೈರು, ಒಂದು ಹನಿ ಸೀಸ.

ಚೀಲದಲ್ಲಿ ನಾಲ್ಕು ಸಾವಿರದ ಇನ್ನೂರು,
ನಾಲಿಗೆಯಡಿ ಎರಡಿಂಚು ವೈರು.
ಹೌದು ಬಾಬ್, ಹಳೇದಾಯ್ತು ಪಾಪ, ಅನ್ನಬಹುದಿತ್ತು.
ಅಂದೂಬಿಟ್ಟೆ.
ನೋಟು ಎಣಿಸಿಕೊಟ್ಟು ಮೆಟ್ಟಿಲಿಳಿದೆ.

ಗೇಟಿನ ತನಕ ಬಂದು ಅವನು ಅಂದದ್ದಿಷ್ಟು:
ಮಗಳೇ, ಮನೆಯಲ್ಲಿ ಯಾರದಾದರೂ ನಿದ್ದೆ ಕೆಟ್ಟರೆ
ವಾಪಸು ತಾ. ದುಡ್ಡು ತೆಗೆದಿಟ್ಟಿರ್ತೇನೆ.

ಥೂ, ಅಂದುಕೊಂಡೆ, ಅವನಿಗಲ್ಲ.
ಸ್ಕ್ರೂಡ್ರೈವರ್ ಇದೆಯಾ, ಬಾಬ್?

ರಾಳದ ಹೊಗೆ ಎದ್ದು ಆರಿತು.
ತಂತಿಗಳ ಮೇಲೆ ಅವನು ಅಂಗೈ ಇಟ್ಟ.
ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿದೆ,
ಸದ್ದಿಲ್ಲ.
ಒಳಗೆ ಹೆಂಡತಿ ಪಾತ್ರೆ ತೊಳೆಯುವುದು ಕೇಳಿತು,
ಆಮೇಲೆ ಅದೂ ನಿಂತಿತು.

ಬೆಳಕು ಹೋಗುವ ತನಕ ಬಾರಿಸಿದ.
ಎರಡು ಬಸ್ಸು ತಪ್ಪಿಸಿಕೊಂಡೆ.

ಈಗ ಒಂಬತ್ತು, ಅಂದ ಕೊನೆಗೆ, ನಗದೆ.
ಹೂಂ, ಒಂಬತ್ತೇ, ಅಂದೆ.
ಬಾವಿಯ ಪಂಪು ಸುಟ್ಟಿದೆ, ಅಂದ.
ಎರಡು ಫ್ಯಾನೂ ಇವೆ.

ಹೀಗೆ ಬಸ್ಸಿನಲ್ಲಿ ನಾನು, ಕಾಲಬುಡದಲ್ಲಿ ಪಂಪು,
ತೊಡೆಯ ಮೇಲೆ ಬೆಡ್‌ಶೀಟಿನಲ್ಲಿ ಸುತ್ತಿದ ಗಿಟಾರು.
ಕಂಡಕ್ಟರ್ ಎರಡಕ್ಕೂ ಲಗೇಜು ಹರಿದ,
ಪಂಪಿಗೇ ಹೆಚ್ಚು.

ಆಂಪ್ಲಿಫೈಯರಿಗೆ ಇನ್ನೂ ದುಡ್ಡಾಗಿಲ್ಲ.
ರಾತ್ರಿ ಮರಕ್ಕೆ ದವಡೆ ಆನಿಸಿ
ಒಂದು ತಂತಿ ಮೀಟುತ್ತೇನೆ, ಹಲ್ಲಿನಲ್ಲಿ ಕೇಳುತ್ತದೆ.
ಬೆರಳು ನೋಯುವುದಿಲ್ಲ,
ತಾಮ್ರ ಮೊದಲೇ ಕೊರೆದಿಟ್ಟಿದೆ ಜಾಗ.
ಆಚೆ ಹಾಸಿಗೆಯಲ್ಲಿ ಅಪ್ಪ ಮಗ್ಗಲು ಬದಲಿಸಿ
ನಿದ್ದೆಗಣ್ಣಲ್ಲೇ ಕೇಳುತ್ತಾನೆ,
ಎಷ್ಟಾತವಾ?

ಒಂದು, ಅಂತೀನಿ.