ಐದನೇ ಓಟ

ಶುಕ್ರವಾರ ರಾತ್ರಿ ಎಂಟೂವರೆಗೆ ಕರೆಂಟು ಹೋಗುತ್ತದೆ.
ಎಂಟೂ ಮುಕ್ಕಾಲಿಗೆ ಕೌಲ್‌ಬಜಾರಿನಿಂದ
ಷಣ್ಮುಗ ಮೊದಲಿಯಾರರ ಚೀಟಿ ಬರುತ್ತದೆ.
ತರುವವನು ಜೀನ್ಸ್ ಹೊಲಿಯುವ ಹುಡುಗ,
ಬೆರಳೆಲ್ಲ ನೀಲಿ,
ಚೀಟಿಯ ಮೂಲೆಯೂ ನೀಲಿ.

ಬ್ರೂಸ್‌ಪೇಟೆಯ ಈ ಅಚ್ಚುಕೂಟದಲ್ಲಿ
ಲಗ್ನಪತ್ರಿಕೆ, ಎಣ್ಣೆಗಿರಣಿಯ ರಸೀದಿ ಪುಸ್ತಕ
ಎಲ್ಲ ಬದಿಗೆ ಸರಿಸಿ ಕಂದೀಲು ಹಚ್ಚಿ
ನಾಳೆ ಬೆಂಗಳೂರಿನಲ್ಲಿ ಓಡುವ ಕುದುರೆಗಳನ್ನು
ಇವತ್ತೇ ಇಲ್ಲಿ
ಒಂದೊಂದೇ ಮೊಳೆ ಹೆಕ್ಕಿ ನಿಲ್ಲಿಸುತ್ತೇನೆ,
ತಲೆಕೆಳಗಾಗಿ, ಎಡಬಲ ತಿರುವಿ.

ಮೊಳೆ ಅನ್ನುವುದು ಇಬ್ಬರ ಪಾಲಿನ ಮಾತು:
ನನ್ನದು, ಮತ್ತೆ ಎದುರಿನ ಜಟಕಾ ಸ್ಟ್ಯಾಂಡಿನ
ನಾಲಬಂದ ದಸ್ತಗೀರಸಾಬರದು.
ನನ್ನದು ಕಾಗದಕ್ಕೆ, ಅವರದು ಗೊರಸಿಗೆ.
"ನಿನ್ನ ಮೊಳಿ ತಪ್ಪಿದ್ರ ರೊಕ್ಕ ಹೋಗ್ತೈತಿ,
ನಂದು ತಪ್ಪಿದ್ರ ಕುದ್ರಿ ಕುಂಟ್ತೈತಿ" ಅನ್ನುತ್ತಾರೆ.
ಓಟ ನೋಡಿದವರಲ್ಲ ನಾವಿಬ್ಬರೂ.

ಒಂದನೇ ಓಟ, ಸಾವಿರದ ಇನ್ನೂರು ಮೀಟರು.
‘ಮಿಂಟ್ ಕಾಯಿನ್’ ಗೆಲ್ಲಬೇಕು.
ಹಗುರ ಭಾರ, ಒಳಗಿನ ಗೇಟು,
ಮಂಗಳವಾರ ಬೆಳಗಿನ ಕಸರತ್ತಿನಲ್ಲಿ
ಜಗ್ಗಿ ಹಿಡಿದರೂ ನಿಲ್ಲಲಿಲ್ಲವಂತೆ.
ಲಾಯದಲ್ಲಿ ಕೆಲಸಕ್ಕಿರುವ ಅಳಿಯ
ಟ್ರಂಕ್‌ಕಾಲಿನಲ್ಲಿ ಹೇಳಿದ್ದು.

ಎರಡನೆಯದಕ್ಕೆ ‘ಝರೀನಾ’.
ನನ್ನ ಖಾನೆಯಲ್ಲಿ ಝ ಇರುವುದು ಎರಡೇ,
ಒಂದರ ಬಾಲ ಮುರಿದಿದೆ.
ಮೇಲೆ ಪಟ್ಟಿಗೊಂದು ಬೇಕು, ಕೆಳಗೆ ಭವಿಷ್ಯಕ್ಕೊಂದು.
ಮುರಿದದ್ದನ್ನು ಭವಿಷ್ಯಕ್ಕೆ ಹಾಕಿದೆ.

ಮೂರು, ಮೊದಲ ಸಲ ಓಡುವ ಮರಿಗಳದು.
‘ಯಾವುದನ್ನೂ ನಂಬಬೇಡಿ.
ನಂಬಲೇಬೇಕೆಂದರೆ ಬೂದುಬಣ್ಣದ್ದನ್ನು.’
ಈ ಸಾಲನ್ನು ಎರಡು ಸಲ ಓದಿಕೊಂಡೆ;
ಮನೆಯಲ್ಲಿ ತಂಗಿಗೆ ಗಂಡು ನೋಡುತ್ತಿದ್ದರು.

ನಾಲ್ಕನೇ ಓಟದ್ದು ದಿನದ ಕುದುರೆ,
‘ನೈಟ್ ಪೋಸ್ಟ್’, ಕೆಳಗೆ ಕೆಂಪು ಗೆರೆ.
ಮೊದಲಿಯಾರರು ಗೆರೆ ಎಳೆದದ್ದು ಗೆದ್ದದ್ದು ಕಮ್ಮಿ.
ಹಮಾಲರಿಗೂ ಗೊತ್ತು, ಕೋರ್ಟಿನ ಗುಮಾಸ್ತರಿಗೂ ಗೊತ್ತು.
ಆದರೂ ಅದಕ್ಕೇ ಕಟ್ಟುತ್ತಾರೆ,
ಗೆರೆ ಎಳೆದ ಕೈಯ ಮೇಲಿನ ಅಕ್ಕರೆಗೆ.

ಐದನೇ ಓಟ.
ಹತ್ತು ಹೆಸರು, ಭಾರ, ಸವಾರರು.
ಅದರಡಿ ಒಂದೇ ಮಾತು:
ಗೊತ್ತಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು.
ಹುಡುಗನನ್ನು ಕೇಳಿದೆ, ಆರಾಮ ಇದ್ದಾರೇನೋ?
"ಆರಾಮೇ ಅದಾರ.
ಬಾಗಿಲದಾಗ ಕುಂತು ಕೋಟೆಗುಡ್ಡ ನೋಡ್ಲಿಕತ್ತಿದ್ರು."

ಸ್ಟಿಕ್ಕು ಹಿಡಿದು ನಿಂತೇ ಇದ್ದೆ.
ಒಂದು ಹೆಸರು ನಾನೇ ಕೂರಿಸಬಹುದಿತ್ತು.
ಆರನೇ ನಂಬರಿನದು ‘ರಾಣಿವಾಸ’,
ಒತ್ತಕ್ಷರವಿಲ್ಲ, ಮೊಳೆಗೆ ಬರವಿಲ್ಲ,
ಯಾರಿಗೆ ತಿಳಿಯುತ್ತಿತ್ತು?
ಕಂದೀಲಿನ ಗಾಜಿಗೆ ಹುಳ ಬಡಿಯುತ್ತಿತ್ತು.
ಆಮೇಲೆ, ಲಗ್ನಪತ್ರಿಕೆಗೆಂದು ಎತ್ತಿಟ್ಟ ದಪ್ಪ ಮೊಳೆಯಲ್ಲಿ
ಎರಡು ಒತ್ತಕ್ಷರದ ಆ ಮಾತನ್ನೇ ಜೋಡಿಸಿ
ದಾರ ಬಿಗಿದೆ.
ಆರನೇ ಓಟ ಯಾವಾಗ ಮುಗಿಸಿದೆನೋ ನೆನಪಿಲ್ಲ.

ಬೆಳಗಾಗುವಷ್ಟರಲ್ಲಿ ಮುನ್ನೂರು ಹಾಳೆ ಹೋದವು.
ಒಂಬತ್ತಕ್ಕೆ ಲಾರಿ ಕ್ಲೀನರ್ ಒಬ್ಬ,
ಕಿವಿಯಲ್ಲಿ ಬೀಡಿ, ಕೈಯಲ್ಲಿ ಹಾಳೆ:
"ಅಣ್ಣಾ, ಐದನೇದ್ರಾಗ ಈ ಗೊತ್ತಿಲ್ಲ ಅನ್ನೋ ಕುದ್ರಿ
ನಂಬರ್ ಎಷ್ಟು? ಪಟ್ಟಿಯಾಗ ಸಿಗವಲ್ದು.
ದಪ್ಪ ಅಕ್ಷರದಾಗ ಬಂದೈತಿ,
ಹತ್ತು ರೂಪಾಯಿ ಅದಕ್ಕ ಹಚ್ಚಬೇಕಂತ ಮಾಡೀನಿ."

ನನಗೆ ನಗು ಬರಲಿಲ್ಲ.
ಎದುರಿಗೆ ಸುತ್ತಿಗೆಯ ಸದ್ದು ನಡುವೆ ನಿಂತಿತು.
ಮಡಿಲಲ್ಲಿ ಒಂದು ಗೊರಸು ಹಿಡಿದುಕೊಂಡೇ
ದಸ್ತಗೀರಸಾಬರು ಕೂಗಿ ಹೇಳಿದರು:
"ತಡೀಯೋ ತಮ್ಮಾ,
ಅದಕ್ಕಿನ್ನೂ ನಾಲ ಬಡದಿಲ್ಲ."