ಒಂದು ಅಕ್ಷರ ಉಲ್ಟಾ

ಹುಣಸೆ ಬೀಜಕ್ಕಿಂತ ದೊಡ್ಡದಲ್ಲ ಈ ನಾಣ್ಯ.
ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಎಲಿಜಾ ಪೆಣಕರ
ದೇಶ ಬಿಟ್ಟು ತನ್ನ ದೇಶಕ್ಕೆ ಹೋಗುವಾಗ
ಅಪ್ಪನ ಬುತ್ತಿ ಡಬ್ಬಿಯಲ್ಲಿ ಹಾಕಿ ಹೋದದ್ದು;
ಶೇಂಗಾ ಚಟ್ನಿಯ ಎಣ್ಣೆ ಕುಡಿದು ಇನ್ನಷ್ಟು ಕಪ್ಪಾದದ್ದು.

ಒಂದು ಬದಿಗೆ ಲಂಗರು. ತಲೆಕೆಳಗು.
ಯೆಹೂದಿ ಅರಸ ಕಡಲ ದಂಡೆ ಗೆದ್ದ ಗುರುತು, ಎನ್ನುತ್ತದೆ ಒಂದು ಪುಸ್ತಕ.
ಛೇ, ಹಿಂದಿನ ಗ್ರೀಕ ದೊರೆಗಳಿಂದ ಎರವಲು, ಎನ್ನುತ್ತದೆ ಇನ್ನೊಂದು.
ಗದಗಿನಲ್ಲಿ ಹುಟ್ಟಿದ ನಾನು ಲಂಗರು ಕಂಡವಳಲ್ಲ;
ನನಗದು ಬಾವಿಗೆ ಬಿದ್ದ ಕೊಡ ಎತ್ತುವ
ಪಾತಾಳಗರಡಿ.

ಮತ್ತೊಂದು ಬದಿಗೆ ಎಂಟು ಗೀಟು.
ಚಿಕ್ಕಿ ಎನ್ನುವವರುಂಟು, ಗಾಲಿ ಎನ್ನುವವರುಂಟು.
ಗೀಟಿನ ಸಂದಿಗೊಂದು ಅಕ್ಷರ, ಸುತ್ತಿ ಬಂದರೆ ಅರಸನ ಹೆಸರು.
ಮುಖ ಮಾತ್ರ ಇಲ್ಲ.
ಮುಖ ಕೆತ್ತಬಾರದೆಂಬುದು ಅವರ ಕಟ್ಟಳೆ.

ಮೂರು ವರ್ಷ ಲೆನ್ಸು ಹಿಡಿದೆ.
ಚಿಕ್ಕಿ ಎಂದು ಬರೆದೆ, ಹೊಡೆದು ಹಾಕಿದೆ, ಗಾಲಿ ಎಂದು ಬರೆದೆ,
ಆ ಹಾಳೆಯನ್ನೇ ಕಳೆದೆ.

ಒಂದು ಮಂಗಳವಾರ ಬೆಟಗೇರಿಯಿಂದ ಮೋದಿನಸಾಬ ಮುಳಗುಂದ
ತಂಗಿಯ ಲಗ್ನಪತ್ರಿಕೆಯ ಪ್ರೂಫು ತಂದ.
ನಲವತ್ತು ವರ್ಷ ಸೀಸದ ಮೊಳೆ ಜೋಡಿಸಿದ ಬೆರಳು,
ಕನ್ನಡವನ್ನು ಕನ್ನಡಿಯೊಳಗಿನ ಹಾಗೆ ಓದುವ ಕಣ್ಣು;
ಉರ್ದು ಹೇಗೂ ಬಲದಿಂದ.

ಹೀಬ್ರೂ ಬಾರದು. ಲೆನ್ಸೂ ಬೇಡವೆಂದ.
ಟ್ಯೂಬ್‌ಲೈಟಿಗೆ ಓರೆ ಹಿಡಿದ, ಹೊರಳಿಸಿದ,
ಅಂಗಿಯ ಚುಂಗಿಗೆ ಗಸಗಸ ಒರೆಸಿದ. ನಾನು ಅಯ್ಯೋ ಎಂದೆ.

“ಅಕ್ಕಾರ, ಈ ಎರಡೂ ಅಕ್ಷರ ಒಂದ ಅಲ್ರಿ?
ಇದು ಈ ಕಡೆ ಮಾರಿ ಮಾಡೇತಿ, ಅದು ಆ ಕಡೆ.
ಅಚ್ಚು ಕಡಿಯಾವ ಮರತಾನ.
ಕಬ್ಬಣದಾಗ ಎಲ್ಲಾ ಉಲ್ಟಾ ಕಡೀಬೇಕು,
ಒಂದ ಸೀದಾ ಕಡದಾನ, ಅದ ಇಲ್ಲಿ ಉಲ್ಟಾ ಬಿದ್ದೈತಿ.
ಇಲೆಕ್ಷನ್ ಟೈಮಿನ್ಯಾಗ ನಮಗೂ ಹಿಂಗ ಆಗತಿತ್ತು,
ರಾತ್ರಿ ಮೂರು ಗಂಟೇಕ.
ಮಾಲಕ ಬೈದ್ನೇನೋ, ಪಾಪ.”

ಎರಡು ಸಾವಿರದ ನೂರು ವರ್ಷ ತಡವಾಗಿ ಬಂದ
ಒಂದು ಪಾಪ.

ಪುಸ್ತಕ ತೆಗೆದೆ. ಆ ತಪ್ಪಿಗೆ ಅಲ್ಲಿ
ಅರ್ಧ ಸಾಲಿನ ಅಡಿಟಿಪ್ಪಣಿ.
ಮುಚ್ಚಿಟ್ಟೆ.
ನಾಣ್ಯದಲ್ಲಿ ಈಗ ಎಣ್ಣೆದೀಪ ಹೊಗೆಯಾಡುತ್ತಿತ್ತು,
ಉಳಿ ಜಾರುತ್ತಿತ್ತು, ಯಾರೋ ಆಕಳಿಸಿದರು;
ಅರಸನಿಗಿಲ್ಲದ ಮುಖ
ಆ ಆಕಳಿಕೆಗಿತ್ತು.

ಮೋದಿನಸಾಬ ಚಹಾ ತಟ್ಟೆಗೆ ಸುರಿದು ಕುಡಿದ.
ನಾನು ‘ಸರಿ ಇದೆ’ ಎಂದು ಸಹಿ ಹಾಕಿದ ಪ್ರೂಫನ್ನು
ಮತ್ತೊಮ್ಮೆ ನೋಡಿ,
ವರನ ಹೆಸರಿನಲ್ಲಿ ಬಿಟ್ಟುಹೋದ ದೀರ್ಘದ ಮೇಲೆ
ಉಗುರು ಊರಿ,
ಏನೂ ಅನ್ನದೆ ಸೈಕಲ್ ಹತ್ತಿದ.