ಎರಡನೇ ಬದಿಯ ಮೂರನೇ ಹಾಡು

ಹಿಮ ತಳ್ಳುವ ಗಾಡಿಯಲ್ಲಿದ್ದೆ, ಬೆಳಗಿನ ಜಾವ ನಾಲ್ಕೂಕಾಲು.
ತಾಂಪೆರೆಯ ಬೀದಿಗಳ ಮೇಲೆ ಇನ್ನೂ ಹೆಜ್ಜೆ ಬಿದ್ದಿರಲಿಲ್ಲ.
ರೇಡಿಯೋದವನು ಆಕಳಿಕೆ ನುಂಗಿಕೊಂಡು ಹೇಳಿದ:
ತುಯಿರೆ ಕೊಯಿವಿಸ್ತೋ, ಮೊದಲ ಒಂಟಿ ಆಲ್ಬಂ,
ಇವತ್ತು ಬಿಡುಗಡೆ.

ಬಿಡುಗಡೆ.
ಯಾರಿಂದ ಯಾರಿಗೆ, ಅವನು ಹೇಳಲಿಲ್ಲ.

ಹದಿನೇಳು ವರ್ಷ ನಿನ್ನ ಬೆನ್ನು ನೋಡಿದವನು ನಾನು.
ಮುಖ ಟಿಕೆಟ್ ಕೊಂಡವರದು. ಡ್ರಮ್ಮಿನವನಿಗೆ ಬೆನ್ನು:
ಬೆವರಿಗೆ ಅಂಟಿದ ಕಪ್ಪಂಗಿ, ಅದರೊಳಗೆ
ಎತ್ತರದ ಸ್ವರಕ್ಕೆ ಮುಂಚೆ
ಒಂದೆಳೆ ಮೇಲೇಳುವ ಎಡಹೆಗಲ ಮೂಳೆ.
ಅದು ಎದ್ದಾಗ ನಾನು ಕೋಲೆತ್ತುತ್ತಿದ್ದೆ.
ಪತ್ರಿಕೆಯವರು ಬರೆದರು, ಎರಡು ದೇಹ ಒಂದೇ ಉಸಿರು ಅಂತ.
ಉಸಿರೂ ಇಲ್ಲ ಗಿಸಿರೂ ಇಲ್ಲ, ತುಯಿರೆ,
ಒಂದು ಮೂಳೆ.

ನೀನು ಹೇಳಿದ್ದು ಸೌನಾದಲ್ಲಿ, ಮಾರ್ಚ್ ತಿಂಗಳು,
ಕಾದ ಕಲ್ಲಿಗೆ ಒಂದು ಸೌಟು ನೀರು ಸುರಿದು.
ಆವಿ ಎದ್ದು ನಾಲ್ಕೂ ಜನರ ಕಿವಿ ಸುಟ್ಟಿತು.
ಯಾರೂ ಮಾತಾಡಲಿಲ್ಲ. ಅಲ್ಲಿ ಮಾತಾಡದಿರುವುದು ಮರ್ಯಾದೆ.
ಹಾಗಾಗಿ ಜಗಳ ತಪ್ಪಿತು.
ಈಗ ಅನಿಸುತ್ತದೆ, ತಪ್ಪಬಾರದಿತ್ತು.
ಯಾರಾದರೂ ಸೌಟನ್ನಾದರೂ ಎಸೆಯಬೇಕಿತ್ತು.

ವೇಯಿಯೋ ತನ್ನ ಆಂಪ್ಲಿಫೈಯರ್ ಮಾರಿ
ದೋಣಿಗೆ ಮೋಟರು ಹಾಕಿಸಿಕೊಂಡ. ಮೀನು ಸಿಗುತ್ತಿಲ್ಲವಂತೆ.
ಔಲಿಸ್ ಬಿಡುಗಡೆಯ ರಾತ್ರಿ ಫೋನು ಮಾಡಿದ:
ಕೇಳಿದೆಯಾ?
ಇಲ್ಲ, ಅಂದೆ.
ನಾನೂ ಇಲ್ಲ, ಅಂದ.
ಅವನ ಕಡೆಯಿಂದಲೂ ನನ್ನ ಕಡೆಯಿಂದಲೂ
ನಿನ್ನ ದನಿ ಬರುತ್ತಿತ್ತು, ಅರ್ಧ ಸಾಲು ಹಿಂದೆಮುಂದೆ.

ತಟ್ಟೆಯನ್ನು ಅಂಗಡಿಯಲ್ಲಿ ಕೊಂಡೆ, ಇಪ್ಪತ್ತೊಂಬತ್ತು ಯೂರೋ.
ಗಲ್ಲಾದ ಹುಡುಗಿ ನನ್ನನ್ನು ಗುರುತಿಸಲಿಲ್ಲ,
ಚೀಲ ಬೇಕಾ ಅಂದಳು.
ಹೊದಿಕೆಯ ಮೂಲೆಯಲ್ಲಿ ಅಂಟುಚೀಟಿ: 'ರೌತಹೌಕಿ ತಂಡದ ಗಾಯಕಿ'.
ಹದಿನೇಳು ವರ್ಷ ಉಗುರಿಗೆ ಸಲೀಸಾಗಿ ಬಂತು.
ಅಡಿಯಲ್ಲಿ ನಿನ್ನ ಮುಖ.
ಮೂಗಿನ ಪಕ್ಕ ಸಾಸಿವೆಯಷ್ಟು ಮಚ್ಚೆ.
ಇದು ಯಾವಾಗಿನಿಂದ ಇತ್ತು?

ಒಳಹಾಳೆಯ ಕೃತಜ್ಞತೆಯಲ್ಲಿ ನಿನ್ನ ನಾಯಿ ಇದೆ,
ಸೌಂಡ್ ಇಂಜಿನಿಯರನ ಅಜ್ಜಿ ಇದ್ದಾರೆ, ಹಲ್ಲಿನ ಡಾಕ್ಟರಿದ್ದಾರೆ.
ನಾವಿಲ್ಲ.
ಇರಲಿ. ಓಲುವಿನಲ್ಲಿ ದವಡೆ ಊದಿಕೊಂಡು ನೀನು ಹಾಡಿದ ರಾತ್ರಿ
ಲವಂಗ ಹುಡುಕಿ ಮೂರು ಪೆಟ್ರೋಲ್ ಬಂಕು ಸುತ್ತಿದವರು ಯಾರು,
ಡಾಕ್ಟರನ್ನೇ ಕೇಳು.

ಮೊದಲ ಬದಿ ನನಗೆ ಹಿಡಿಸಲಿಲ್ಲ. ತಂತಿವಾದ್ಯ ಜಾಸ್ತಿ,
ಯಾರೋ ದುಡ್ಡು ಸುರಿದಿದ್ದಾರೆ.
ಎರಡನೇ ಬದಿ, ಮೂರನೇ ಹಾಡು.
ತಾಳವಾದ್ಯವೇ ಇಲ್ಲ. ಕಾಲಲ್ಲಿ ತುಳಿಯುವ ಹಳೆಯ ಹಾರ್ಮೋನಿಯಂ,
ಅದರ ಏದುಸಿರು, ನೀನು.
ನಡುವೆ ಎಲ್ಲವೂ ನಿಲ್ಲುತ್ತದೆ.
ಕುರ್ಚಿ ಕಿರುಗುಟ್ಟುವುದು ಕೇಳಿಸುತ್ತದೆ.
ನನ್ನ ಬೆರಳು ಅಡುಗೆಮನೆ ಮೇಜಿನ ಮೇಲೆ ತಾನಾಗಿ ಎಣಿಸಿತು:
ಒಂದು, ಎರಡು, ಮೂರು, ನಾಲ್ಕು.

ನೀನು ಬರಲಿಲ್ಲ.

ತಡವಾಗಿ ಬರುವುದು ನಿನ್ನ ಹಳೇ ಚಾಳಿ.
ಜನಕ್ಕೆ ಗೊತ್ತಾಗದ ಹಾಗೆ ಒಂದು ಹೆಚ್ಚಿನ ಪೆಟ್ಟು ಹಾಕಿ
ಪ್ರತಿ ರಾತ್ರಿ ನಿನ್ನನ್ನು ಹಿಡಿದುಕೊಳ್ಳುತ್ತಿದ್ದೆ.
ಅದನ್ನೇ ನನ್ನ ಕಸುಬು ಅಂದುಕೊಂಡಿದ್ದೆ.
ಈ ಸಲ ಐದೂ ದಾಟಿತು, ಆರರ ಅಂಚಿಗೆ
ಮೆಲ್ಲಗೆ ಬಂದೆ.
ಯಾರೂ ಹಿಡಿಯಲಿಲ್ಲ.
ಬೀಳಲೂ ಇಲ್ಲ.

ಮುಳ್ಳೆತ್ತಿ ಮತ್ತೆ ಅಲ್ಲೇ ಇಟ್ಟೆ, ಮೂರು ಸಲ.
ಆ ಮೌನ ನನಗೆ ಬಿಟ್ಟ ಜಾಗವೋ
ಬರೀ ಮೌನವೋ, ಗೊತ್ತಾಗಲಿಲ್ಲ.
ಮೂರನೇ ಸಲ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೇಳಿದೆ.

ಇವತ್ತು ರಾತ್ರಿ ಹನ್ನೆರಡು ಸೆಂಟಿಮೀಟರ್ ಅಂತೆ.
ಗಾಡಿಯ ಎಡಗಡೆಯ ಅಲಗು ಮೊಂಡಾಗಿದೆ,
ತಿರುವಿನಲ್ಲಿ ಒಂದು ಪೆಟ್ಟು ತಪ್ಪುತ್ತದೆ.